ಪ್ರಹ್ಲಾದ ಎಂಬ ಹೆಸರು

(ಶ್ರೀ ನರಸಿಂಹ ಜಯಂತಿಯ ಪ್ರಯುಕ್ತ ಮಾಡಿದ ಉಪನ್ಯಾಸ)

॥ ಶ್ರೀ ಲಕ್ಷ್ಮೀನರಸಿಂಹಾಯ ನಮಃ ॥



ವೈಶಾಖ ಶುದ್ಧ ಚತುರ್ದಶಿಯ ಪ್ರದೋಷಕಾಲದಲ್ಲಿ ನಾವೆಲ್ಲರೂ ಸ್ವಾಮಿಯ ಸನ್ನಿಧಿಯಲ್ಲಿ ಸೇರುತ್ತೇವೆ. ಅಭಿಷೇಕವನ್ನು ಕಣ್ತುಂಬ ನೋಡಿ, ಪಾನಕ ಕೋಸಂಬರಿಗಳ ಪ್ರಸಾದವನ್ನು ಸ್ವೀಕರಿಸಿ, ಕಂಬವನ್ನು ಸೀಳಿಕೊಂಡು ಬಂದ ಆ ಮಹಾಸ್ವಾಮಿಯ ಅವತಾರವನ್ನು ಸ್ಮರಿಸುತ್ತೇವೆ. ಆ ಕಂಬದೆದುರಿಗೆ ಭಯವಿಲ್ಲದೆ ನಿಂತಿದ್ದ ಬಾಲಕನ ಕಥೆಯೂ ನಮಗೆ ಕಂಠಪಾಠವಾಗಿಯೇ ಇದೆ. ಆದರೆ ಆ ಬಾಲಕನ ಹೆಸರನ್ನು ಕುರಿತು ನಾವು ನಿಂತು ಯೋಚಿಸುವುದು ಕಡಮೆ. ಈ ವರ್ಷ ಅದನ್ನೇ ವಿಷಯವಾಗಿ ತೆಗೆದುಕೊಳ್ಳುವುದಕ್ಕೆ ಒಂದು ಕಾರಣವುಂಟು.

ಕೆಲವು ತಿಂಗಳ ಹಿಂದೆ ದಂಪತಿಗಳಿಬ್ಬರು ನಮ್ಮಲ್ಲಿಗೆ ಬಂದಿದ್ದರು. ಹಿರಿಯರು ಶ್ರೀರಂಗಪಟ್ಟಣದವರು, ಇವರಿಬ್ಬರೂ ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದಾರೆ. ಎಳೆಯ ಕೂಸಿಗೆ ನಾಮಕರಣವಾಗಬೇಕಾಗಿತ್ತು. ಮಗುವಿನ ಅಜ್ಜನವರು ಪ್ರಹ್ಲಾದನೆಂದೇ ಹೆಸರಿಡಬೇಕೆಂದು ಸಂಕಲ್ಪಿಸಿದ್ದರು. ತಂದೆಗೆ ಆ ಹೆಸರು ಹಳೆಯ ಕಾಲದ್ದೆನ್ನುವ ಸಂಕೋಚ. ತಾಯಿಯ ಮಾತು ಬೇರೆಯಾಗಿತ್ತು. "ಆಚಾರ್ಯರೆ, ದೊಡ್ಡವರ ಮಾತನ್ನು ತೆಗೆದುಹಾಕುವುದಕ್ಕೆ ನನಗೆ ಮನಸ್ಸಿಲ್ಲ. ಆದರೆ ಐದು ವರ್ಷದ ಮಗು, ಹೆತ್ತ ತಂದೆಯ ಕೈಯಿಂದಲೇ ವಿಷ, ಬೆಂಕಿ, ಆನೆಯ ಕಾಲು ಎಲ್ಲವನ್ನೂ ಕಂಡ ಮಗು. ಅಂಥ ಹೆಸರನ್ನು ನನ್ನ ಕೂಸಿಗೆ ಹೇಗೆ ಇಡಲಿ? ಅಲ್ಲದೆ ಅದು ದೈತ್ಯನ ಮನೆಯ ಹೆಸರಲ್ಲವೆ?" ಎಂದು ಆಕೆ ಕೇಳಿದರು.

ಆ ದಿನ ನಾನು "ಒಳ್ಳೆಯ ಹೆಸರು ತಾಯಿ, ಯೋಚನೆ ಮಾಡಬೇಡಿ" ಎಂದಷ್ಟೇ ಹೇಳಿ ತಾಂಬೂಲ ಕೊಟ್ಟು ಕಳುಹಿಸಿದೆನು. ಆ ಉತ್ತರ ಸಾಲದೆಂದು ಅವರು ಹೋದ ಮೇಲೆ ನನಗೇ ಅನ್ನಿಸಿತು. ಹೆತ್ತ ತಾಯಿಯೊಬ್ಬಳು ಹೆದರಿ ಕೇಳಿದ ಪ್ರಶ್ನೆಗೆ ಅಷ್ಟು ಸುಲಭದ ಉತ್ತರ ನ್ಯಾಯವಲ್ಲ. ಉಳಿದ ಉತ್ತರವನ್ನು ಈಗ ನಿವೇದಿಸುತ್ತೇನೆ.

ಶಬ್ದಾರ್ಥ ವಿಚಾರ

'ಹ್ಲಾದ' ಎಂದರೆ ಸುಖ, ಸಂತೋಷ. ನಾವು ನಿತ್ಯವೂ ಬಳಸುವ 'ಆಹ್ಲಾದ' ಎಂಬ ಮಾತಿನಲ್ಲಿಯೂ ಇರುವುದು ಇದೇ ಧಾತು. ಅದಕ್ಕೆ 'ಪ್ರ' ಎಂಬ ಉಪಸರ್ಗ ಸೇರಿದಾಗ ಪ್ರಕೃಷ್ಟವಾದ, ಅಂದರೆ ಉತ್ತಮೋತ್ತಮವಾದ ಸಂತೋಷ ಎಂಬ ಅರ್ಥ ಸಿದ್ಧಿಸುತ್ತದೆ. ತಾನು ಅಂಥ ಸಂತೋಷವುಳ್ಳವನು, ಇತರರಿಗೂ ಅದನ್ನು ಉಂಟುಮಾಡುವವನು ಪ್ರಹ್ಲಾದ.

ಇಲ್ಲಿ ಒಂದು ಸ್ವಾರಸ್ಯವನ್ನು ಗಮನಿಸಬೇಕು. ಶ್ರೀಮದ್ಭಾಗವತದ ಷಷ್ಠಸ್ಕಂಧವು ಹಿರಣ್ಯಕಶಿಪು ಮತ್ತು ಕಯಾಧು ದಂಪತಿಗಳಿಗೆ ನಾಲ್ವರು ಗಂಡುಮಕ್ಕಳೆಂದು ಹೇಳುತ್ತದೆ: ಸಂಹ್ಲಾದ, ಅನುಹ್ಲಾದ, ಹ್ಲಾದ, ಪ್ರಹ್ಲಾದ. ನಾಲ್ಕು ಹೆಸರುಗಳಲ್ಲಿಯೂ ಧಾತು ಒಂದೇ. ಮೂರು ಲೋಕಗಳನ್ನು ಗಡಗಡ ನಡುಗಿಸಿದ ಆ ದೈತ್ಯೇಂದ್ರನೂ ತೊಟ್ಟಿಲ ಮುಂದೆ ನಿಂತಾಗ ಎಲ್ಲ ತಂದೆಯರಂತೆಯೇ ಇದ್ದನು. ತನಗೆ ಮಕ್ಕಳಿಂದ ಸಂತೋಷವಾಗಬೇಕೆಂದು ಆಸೆಪಟ್ಟನು. ಹೆಸರಿನಲ್ಲಿ ದೋಷವಿರಲಿಲ್ಲ. ಸಂತೋಷವೆಂದರೆ ಯಾವುದು ಎಂಬ ನಿರ್ಣಯದಲ್ಲಿ ದೋಷವಿತ್ತು. ತಂದೆಯು ತನ್ನ ಸಂತೋಷಕ್ಕಾಗಿ ಇಟ್ಟ ಹೆಸರಿಗೆ ಮಗನು ಸತ್ಯವಾದ ಅರ್ಥವನ್ನು ತುಂಬಿದನು.

ಇನ್ನು ಉಚ್ಚಾರಣೆಯ ಮಾತು. ಭಾಗವತದ ಅನೇಕ ಪಾಠಗಳಲ್ಲಿ 'ಪ್ರಹ್ರಾದ' ಎಂಬ ರೂಪವೂ ಕಾಣುತ್ತದೆ. ಸಂಸ್ಕೃತದಲ್ಲಿ ರಕಾರ ಲಕಾರಗಳು ಒಂದರ ಸ್ಥಾನದಲ್ಲಿ ಇನ್ನೊಂದು ಬರುವುದು ಹೊಸದೇನೂ ಅಲ್ಲ. ಉತ್ತರ ಕರ್ನಾಟಕದಲ್ಲಿಯೂ ಮಹಾರಾಷ್ಟ್ರದಲ್ಲಿಯೂ 'ಪ್ರಲ್ಹಾದ' ಎಂದು ಬರೆಯುವ ರೂಢಿಯುಂಟು. ಬ್ರಹ್ಮ ಎಂಬುದು ಬ್ರಮ್ಹವಾಗುವಂತೆ, ಚಿಹ್ನೆ ಎಂಬುದು ಚಿನ್ಹೆಯಾಗುವಂತೆ, ಹಕಾರವು ನಾಲಗೆಯ ಸೌಕರ್ಯಕ್ಕಾಗಿ ಹಿಂದಕ್ಕೆ ಸರಿದು ನಿಂತಿದೆ. ಬಳಕೆಯಲ್ಲಿ ಇವು ಹೇಗಾದರೂ ಇರಲಿ. ನಾಮಕರಣದ ಅಕ್ಕಿಯ ಮೇಲೆ ಬರೆಯುವಾಗ ಮಾತ್ರ ಹಕಾರದ ಕೆಳಗೆ ಲಕಾರವಿರಬೇಕು.

ಗಂಡುಮಗುವಿನ ಹೆಸರಿಗೆ ಎರಡು ಅಥವಾ ನಾಲ್ಕು ಅಕ್ಷರಗಳಿರಬೇಕೆಂದು ಗೃಹ್ಯಸೂತ್ರಗಳು ವಿಧಿಸುತ್ತವೆ. ಪ್ರಹ್ಲಾದ ಎಂಬುದು ಮೂರಕ್ಷರದ್ದಾಯಿತಲ್ಲ ಎಂದು ಬಲ್ಲವರು ಕೇಳಬಹುದು. ಕೇಶವ, ಮಾಧವ, ಗೋವಿಂದ ಎಂಬಿವೂ ಮೂರಕ್ಷರದವೇ. ಆ ಹೆಸರುಗಳನ್ನು ನಮ್ಮ ಹಿರಿಯರು ಎಂದೂ ಬಿಡಲಿಲ್ಲ. ಭಗವಂತನ ಮತ್ತು ಭಾಗವತರ ನಾಮಗಳ ವಿಷಯದಲ್ಲಿ ಎಣಿಕೆಗಿಂತ ಸ್ಮರಣೆಯೇ ಹೆಚ್ಚಿನದೆಂಬುದು ಶಿಷ್ಟಾಚಾರದಿಂದ ಸಿದ್ಧವಾಗಿದೆ. ಎಲ್ಲ ಶಬ್ದಗಳಿಗೂ ಮುಖ್ಯವಾದ ಅರ್ಥ ಶ್ರೀಹರಿಯೇ ಎಂದು ಶ್ರೀಮದಾಚಾರ್ಯರು ಸಿದ್ಧಾಂತಮಾಡಿರುವರಷ್ಟೆ. ಆದುದರಿಂದ ಈ ಹೆಸರನ್ನು ಕೂಗುವಾಗ ಭಕ್ತನ ಸ್ಮರಣೆಯಾಗುತ್ತದೆ. ಅವನೊಳಗಿದ್ದು ಪರಮಾನಂದವನ್ನು ಕೊಡುವ ಸ್ವಾಮಿಯ ಸ್ಮರಣೆಯೂ ಆಗುತ್ತದೆ.

ಶಾಸ್ತ್ರಗಳಲ್ಲಿ ಈ ಹೆಸರು

ಈ ಹೆಸರು ಪುರಾಣಗಳಲ್ಲಿ ಮಾತ್ರ ಇರುವುದೆಂದು ತಿಳಿಯಬಾರದು. ತೈತ್ತಿರೀಯ ಬ್ರಾಹ್ಮಣದಲ್ಲಿಯೇ ಕಯಾಧುವಿನ ಮಗನಾದ ಪ್ರಹ್ರಾದನ ಉಲ್ಲೇಖವಿದೆ. ಅಥರ್ವವೇದದಲ್ಲಿ ಅವನ ಮಗನಾದ ವಿರೋಚನನು ಪ್ರಹ್ರಾದನ ಪುತ್ರನೆಂದೇ ಕರೆಯಲ್ಪಟ್ಟಿದ್ದಾನೆ. ಬೌದ್ಧರ ಪಾಳಿ ಗ್ರಂಥಗಳಲ್ಲಿಯೂ ಪಹಾರಾದನೆಂಬ ಅಸುರಶ್ರೇಷ್ಠನೊಬ್ಬನು ಬರುತ್ತಾನೆ. ಅಂದಮೇಲೆ ಭರತಖಂಡದಲ್ಲಿ ಬಹು ಪ್ರಾಚೀನ ಕಾಲದಿಂದಲೂ ಜನರ ಕಿವಿಯಲ್ಲಿದ್ದ ಹೆಸರು ಇದು.

ದೈತ್ಯನ ಮನೆಯ ಹೆಸರಲ್ಲವೆ ಎಂಬ ಆಕ್ಷೇಪಕ್ಕೆ ಗೀತಾಚಾರ್ಯನಾದ ಶ್ರೀಕೃಷ್ಣನೇ ಸಮಾಧಾನ ಹೇಳಿದ್ದಾನೆ. ಹತ್ತನೆಯ ಅಧ್ಯಾಯದಲ್ಲಿ ತನ್ನ ವಿಭೂತಿಗಳನ್ನು ಎಣಿಸುವಾಗ, ದೈತ್ಯರ ಪೈಕಿ ಪ್ರಹ್ಲಾದನಲ್ಲಿ ತನ್ನ ವಿಶೇಷ ಸನ್ನಿಧಾನವನ್ನು ಅವನು ಹೇಳಿಕೊಂಡಿದ್ದಾನೆ. ಪರಮಭಾಗವತರ ನಾಮಾವಳಿಯನ್ನು ಹೇಳುವ ಪಾಂಡವಗೀತೆಯಲ್ಲಿ ಮೊಟ್ಟಮೊದಲು ಬರುವ ಹೆಸರು ಪ್ರಹ್ಲಾದನದು. ದೇವರ್ಷಿಗಳಾದ ನಾರದರ ಹೆಸರು ಸಹ ಅದರ ಅನಂತರವೇ ಬರುತ್ತದೆ. ಶಿಷ್ಯನನ್ನು ಮುಂದೆ ನಿಲ್ಲಿಸಿ ಗುರುಗಳು ಹಿಂದೆ ನಿಂತ ಹಾಗಿದೆ. ಗರ್ಭದಲ್ಲಿದ್ದಾಗಲೇ ಉಪದೇಶ ಕೊಟ್ಟವರು ಆ ನಾರದರೇ ಅಲ್ಲವೆ?

ಈ ಪ್ರಸಂಗವನ್ನು ತಾಯಂದಿರು ವಿಶೇಷವಾಗಿ ನೆನೆಯಬೇಕು. ಹಿರಣ್ಯಕಶಿಪುವು ತಪಸ್ಸಿಗೆ ಹೋಗಿದ್ದಾಗ ಇಂದ್ರನು ತುಂಬುಗರ್ಭಿಣಿಯಾದ ಕಯಾಧುವನ್ನು ಸೆರೆಹಿಡಿದು ಎಳೆದೊಯ್ಯುತ್ತಿದ್ದನು. ಹುಟ್ಟುವ ಮಗುವನ್ನು ಕೊಲ್ಲಬೇಕೆಂಬುದು ಅವನ ಯೋಚನೆ. ನಾರದರು ಅಡ್ಡಬಂದು, ಆ ಗರ್ಭದಲ್ಲಿ ಮಹಾಭಾಗವತನಿರುವನೆಂದು ಹೇಳಿ ಬಿಡಿಸಿದರು. ಗಂಡನು ಹಿಂತಿರುಗುವವರೆಗೂ ಆಕೆಯನ್ನು ತಮ್ಮ ಆಶ್ರಮದಲ್ಲಿ ಮಗಳಂತೆ ನೋಡಿಕೊಂಡರು. ಆಕೆಗೆ ಧರ್ಮವನ್ನೂ ಜ್ಞಾನವನ್ನೂ ಉಪದೇಶಿಸಿದರು. ತಾಯಿ ಕಾಲಕ್ರಮದಲ್ಲಿ ಅದನ್ನು ಮರೆತಳು, ಮಗು ಮರೆಯಲಿಲ್ಲ. ಪ್ರಹ್ಲಾದನ ಕಥೆಯನ್ನು ಕಷ್ಟದ ಕಥೆಯೆಂದು ಹೆದರುವವರು ಇದನ್ನು ಮೊದಲು ನೋಡಬೇಕು. ಕಷ್ಟಗಳು ಬರುವ ಮೊದಲೇ ರಕ್ಷಣೆ ಬಂದಿತ್ತು. ಹುಟ್ಟುವುದಕ್ಕೆ ಮುಂಚೆಯೇ ಸ್ವಾಮಿಯು ಆ ಮಗುವಿನ ಕೈಹಿಡಿದಿದ್ದನು.

ನಮ್ಮ ಸೀಮೆಯ ನರಸಿಂಹ

ಆದಿಚುಂಚನಗಿರಿಯ ತಪ್ಪಲಿನಿಂದ ಕಾವೇರಿಯ ದಡದವರೆಗೆ ಹಬ್ಬಿರುವ ನಮ್ಮ ಈ ಸೀಮೆಯಲ್ಲಿ ಊರ ದೇವರಿಗೂ ಮಕ್ಕಳ ಹೆಸರಿಗೂ ಬಿಡಿಸಲಾಗದ ನಂಟು. ಚುಂಚನಗಿರಿಗೆ ನಡೆದುಕೊಳ್ಳುವ ಮನೆಗಳಲ್ಲಿ ಚುಂಚೇಗೌಡ, ಭೈರೇಗೌಡ. ಶ್ರೀರಂಗನ ಒಕ್ಕಲಿನವರಲ್ಲಿ ರಂಗಸ್ವಾಮಿ, ರಂಗಮ್ಮ. ಮೇಲುಕೋಟೆಯ ಸುತ್ತಿನಲ್ಲಿ ಚೆಲುವಯ್ಯ, ಚೆಲುವಮ್ಮ, ನರಸಿಂಹೇಗೌಡ. ಹೊಲದ ಬದುವಿನಲ್ಲಿ ನಿಂತು ಮಗನನ್ನು ಕೂಗಿದರೆ ದೇವರನ್ನು ಕೂಗಿದಂತಾಗಬೇಕೆಂದು ನಮ್ಮ ರೈತಾಪಿ ಜನರು ತಾವಾಗಿಯೇ ಕಂಡುಕೊಂಡ ಉಪಾಯವಿದು. ಸಾಯುವ ಸಮಯದಲ್ಲಿ ಮಗನನ್ನು ನಾರಾಯಣಾ ಎಂದು ಕೂಗಿದ ಅಜಾಮಿಳನ ಕಥೆಯನ್ನು ನಾವು ಪುರಾಣದಲ್ಲಿ ಕೇಳುತ್ತೇವೆ. ಅವರು ಅದನ್ನು ಬಾಳಿಗೇ ತಂದುಕೊಂಡಿದ್ದಾರೆ.

ಈ ಸೀಮೆ ನರಸಿಂಹಕ್ಷೇತ್ರಗಳಿಂದ ತುಂಬಿದೆ. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯ ಬೆಟ್ಟದ ತುದಿಯಲ್ಲಿ ವಿರಾಜಿಸುವ ಯೋಗಾನರಸಿಂಹನನ್ನು ಸಾಕ್ಷಾತ್ ಪ್ರಹ್ಲಾದರಾಜರೇ ಪ್ರತಿಷ್ಠಾಪಿಸಿದರೆಂದು ಸ್ಥಳಪುರಾಣವು ಹೇಳುತ್ತದೆ. ಅದೇ ತಾಲ್ಲೂಕಿನ ತೊಣ್ಣೂರಿನಲ್ಲಿಯೂ, ನಾಗಮಂಗಲದಲ್ಲಿ ಸೌಮ್ಯಕೇಶವನ ಗುಡಿಯ ಸಮೀಪದಲ್ಲಿಯೂ ಯೋಗಾನರಸಿಂಹನ ಸನ್ನಿಧಿಗಳಿವೆ. ಕೃಷ್ಣರಾಜಪೇಟೆಯ ಬಳಿಯ ಹೊಸಹೊಳಲಿನ ಹೊಯ್ಸಳ ದೇವಾಲಯದ ಮೂರು ಗರ್ಭಗೃಹಗಳಲ್ಲಿ ಒಂದು ಲಕ್ಷ್ಮೀನರಸಿಂಹನದು. ಶ್ರೀರಂಗಪಟ್ಟಣದ ಲಕ್ಷ್ಮೀನರಸಿಂಹ ದೇವಾಲಯವನ್ನು ಕಟ್ಟಿಸಿದವರು 1638ರಿಂದ 1659ರವರೆಗೆ ಆಳಿದ ಕಂಠೀರವ ನರಸರಾಜ ಒಡೆಯರು. ಕಂಠೀರವವೆಂದರೂ ಸಿಂಹವೇ, ನರಸನೆಂದರೂ ನರಸಿಂಹನೇ. ತಮ್ಮ ಹೆಸರಿಗೆ ಒಪ್ಪುವಂತೆ ಅವರು ಟಂಕಿಸಿದ ಕಂಠೀರಾಯಿ ಹಣದ ಮೇಲೆ ನರಸಿಂಹನ ಮೂರ್ತಿಯನ್ನೇ ಮುದ್ರಿಸಿದರು. ಒಬ್ಬ ಅರಸನ ಹೆಸರು ಪ್ರಜೆಗಳ ಸೆರಗಿನ ಗಂಟಿಗೆಲ್ಲ ದೇವರನ್ನು ಮುಟ್ಟಿಸಿತು.

ಇಲ್ಲಿಯ ಮೂರ್ತಿಗಳಲ್ಲಿ ಯೋಗಾಸನದವೇ ಹೆಚ್ಚಾಗಿರುವುದನ್ನು ತಾವು ಗಮನಿಸಿರಬಹುದು. ಮೊಳಕಾಲುಗಳಿಗೆ ಯೋಗಪಟ್ಟವನ್ನು ಬಿಗಿದು, ಕೈಗಳನ್ನು ಮುಂದಕ್ಕೆ ಚಾಚಿ, ಪ್ರಶಾಂತನಾಗಿ ಕುಳಿತ ಸ್ವಾಮಿ. ಹಿರಣ್ಯಕಶಿಪುವಿನ ವಧೆಯಾದ ಮೇಲೆ ಸ್ವಾಮಿಯು ತೋರಿದ ಉಗ್ರರೂಪದ ಹತ್ತಿರಕ್ಕೆ ಬ್ರಹ್ಮಾದಿ ದೇವತೆಗಳೂ ಸುಳಿಯಲಿಲ್ಲವೆಂದು ಭಾಗವತವು ಹೇಳುತ್ತದೆ. ಆಗ ಬ್ರಹ್ಮದೇವರು ಮುಂದಕ್ಕೆ ಕಳುಹಿಸಿದ್ದು ಆ ಎಳೆಯ ಬಾಲಕನನ್ನು. ಅವನು ಮೆಲ್ಲನೆ ಹೋಗಿ ಅಡ್ಡಬಿದ್ದನು. ಸ್ವಾಮಿಯು ಅವನ ತಲೆಯ ಮೇಲೆ ತನ್ನ ಕರಕಮಲವನ್ನಿಟ್ಟನು. ಬೆಟ್ಟ ಹತ್ತಿ ಹೋಗಿ ನಾವು ನೋಡುವ ಆ ಶಾಂತಮೂರ್ತಿಯ ಹಿಂದೆ ಪ್ರಹ್ಲಾದರಾಜರ ಸನ್ನಿಧಾನವಿದೆಯೆಂದು ಭಾವಿಸತಕ್ಕದ್ದು.

ಮಾಧ್ವ ಮನೆತನಗಳಲ್ಲಿ ಈ ಹೆಸರಿನ ಪ್ರಚಾರ

ನಮ್ಮ ಸಂಪ್ರದಾಯದಲ್ಲಿ ಪ್ರಹ್ಲಾದರಾಜರಿಗೆ ಇರುವ ಸ್ಥಾನ ಮತ್ತೆಲ್ಲಿಯೂ ಇಲ್ಲ. ಶಂಕುಕರ್ಣನೆಂಬ ಕರ್ಮಜದೇವತೆಯು ಪ್ರಹ್ಲಾದನಾಗಿ, ದ್ವಾಪರದಲ್ಲಿ ಬಾಹ್ಲೀಕರಾಜನಾಗಿ, ಕಲಿಯುಗದಲ್ಲಿ ಮೊದಲು ಶ್ರೀ ವ್ಯಾಸರಾಜರಾಗಿ, ಅನಂತರ ಶ್ರೀ ರಾಘವೇಂದ್ರ ಗುರುಸಾರ್ವಭೌಮರಾಗಿ ಅವತರಿಸಿದರೆಂಬುದು ನಮ್ಮ ಜ್ಞಾನಿಗಳ ನಿರ್ಣಯ. ವ್ಯಾಸರಾಜರು ನಮಗೆ ಬಹು ದೂರದವರಲ್ಲ. ಅವರು ಹುಟ್ಟಿದ್ದು ಇಲ್ಲೇ ಸಮೀಪದ ಬನ್ನೂರಿನಲ್ಲಿ. 1539ರಲ್ಲಿ ಅವರು ಬೃಂದಾವನಸ್ಥರಾದದ್ದು ಆನೆಗೊಂದಿಯ ನವಬೃಂದಾವನದಲ್ಲಿ. ರಾಯರು 1671ರಲ್ಲಿ ಶ್ರಾವಣ ಬಹುಳ ಬಿದಿಗೆಯಂದು ಬೃಂದಾವನ ಪ್ರವೇಶಮಾಡಿದ ಮಂಚಾಲೆಯು ಹಿಂದೆ ಪ್ರಹ್ಲಾದರಾಜರು ಯಜ್ಞಮಾಡಿದ ಭೂಮಿಯೆಂಬ ನಂಬಿಕೆಯನ್ನು ತಾವೆಲ್ಲರೂ ಬಲ್ಲಿರಿ.

ಹೀಗಿರುವಲ್ಲಿ ನಮ್ಮ ಮನೆಗಳಲ್ಲಿ ಪ್ರಹ್ಲಾದ ಎಂಬ ಹೆಸರು ತುಂಬಿತುಳುಕಬೇಕಾಗಿತ್ತು. ಆದರೆ ಹಾಗಿಲ್ಲ. ಆರಾಧನೆಯ ದಿನ ಸಂಕಲ್ಪಕ್ಕಾಗಿ ಬರೆದುಕೊಳ್ಳುವ ಹೆಸರುಗಳನ್ನು ಓದುವ ಕೆಲಸ ನನ್ನದು. ರಾಘವೇಂದ್ರ, ಗುರುರಾಜ, ಶ್ರೀನಿವಾಸ, ವೆಂಕಟೇಶ ಎಂಬ ಹೆಸರುಗಳು ಪುಟಪುಟಕ್ಕೂ ಬರುತ್ತವೆ. ಪ್ರಹ್ಲಾದರು ಒಬ್ಬರೋ ಇಬ್ಬರೋ ಸಿಗುತ್ತಾರೆ. ಅವರೂ ವಯಸ್ಸಾದವರು, ಅಥವಾ ಧಾರವಾಡ, ವಿಜಯಪುರ, ರಾಯಚೂರುಗಳ ಕಡೆಯಿಂದ ಬಂದವರು. ಮಕ್ಕಳ ಸಾಲಿಗೆ ಬಂದರೆ ಧ್ರುವನುಂಟು, ಅನಿರುದ್ಧನುಂಟು, ಪ್ರಣವನುಂಟು, ಪ್ರಹ್ಲಾದನು ಅಪರೂಪ. ಇದಕ್ಕೆ ಮುಖ್ಯವಾದ ಕಾರಣವನ್ನು ಊಹಿಸಬಹುದು. ರಾಯರ ಮೇಲಿನ ಭಕ್ತಿಯಿಂದ ರಾಘವೇಂದ್ರನೆಂದು ಹೆಸರಿಟ್ಟವರು ಪ್ರಹ್ಲಾದನ ಹೆಸರನ್ನೂ ಅದರೊಳಗೇ ಇಟ್ಟಂತಾಯಿತೆಂದು ಸಮಾಧಾನಪಟ್ಟರು. ಹಳೆಯ ಹೆಸರು ಹೊಸ ಹೆಸರಿನೊಳಗೆ ಅಡಗಿ ಕುಳಿತಿದೆ.

ಹಾಗೆಂದು ಈ ಹೆಸರು ನಾಡಿನಿಂದ ಮರೆಯಾಗಲಿಲ್ಲ. ತಂಜಾವೂರು ಸೀಮೆಯ ಮೆಲಟ್ಟೂರಿನ ಭಾಗವತಮೇಳದವರು ನರಸಿಂಹ ಜಯಂತಿಯ ಕಾಲಕ್ಕೆ ಪ್ರಹ್ಲಾದಚರಿತ್ರೆಯನ್ನು ಆಡುತ್ತಾರೆ. ತ್ಯಾಗರಾಜರು ಪ್ರಹ್ಲಾದಭಕ್ತಿವಿಜಯವೆಂಬ ಗೇಯನಾಟಕವನ್ನೇ ರಚಿಸಿದರು. 1932ರಲ್ಲಿ ಬಂದ ತೆಲುಗಿನ ಮೊದಲ ವಾಕ್ಚಿತ್ರವು ಭಕ್ತಪ್ರಹ್ಲಾದನದು. ಕನ್ನಡದಲ್ಲಿ 1983ರ ಭಕ್ತ ಪ್ರಹ್ಲಾದ ಚಿತ್ರವನ್ನು ನೋಡದ ಮನೆಯೇ ಕಡಮೆ. ಅದರಲ್ಲಿ ಹಿರಣ್ಯಕಶಿಪುವಾಗಿ ಡಾ॥ ರಾಜಕುಮಾರರು, ಪ್ರಹ್ಲಾದನಾಗಿ ಅವರ ಪುತ್ರರೇ ಆದ ಪುನೀತರು ಅಭಿನಯಿಸಿದರು. ನಿಜವಾದ ತಂದೆಮಕ್ಕಳು ಆ ಪಾತ್ರಗಳಲ್ಲಿ ನಿಂತದ್ದನ್ನು ಕಂಡ ತಾಯಂದಿರು ಕಣ್ಣೊರಸಿಕೊಂಡರು. ವಿದ್ವತ್ಪ್ರಪಂಚದಲ್ಲಿಯೂ ಈ ಹೆಸರಿಗೆ ಒಂದು ಸಾರ್ಥಕ್ಯ ಒದಗಿತು. ತಿರುಪತಿಯ ರಾಷ್ಟ್ರೀಯ ಸಂಸ್ಕೃತ ವಿದ್ಯಾಪೀಠದ ಕುಲಪತಿಗಳಾಗಿದ್ದ ವಿದ್ವಾನ್ ಡಿ. ಪ್ರಹ್ಲಾದಾಚಾರ್ಯರು ತುರ್ಯಾಶ್ರಮವನ್ನು ಸ್ವೀಕರಿಸಿ, 2017ರಲ್ಲಿ ಶ್ರೀ ವಿದ್ಯಾಶ್ರೀಶತೀರ್ಥರೆಂಬ ಅಭಿಧಾನದಿಂದ ಸೋಸಲೆ ಶ್ರೀ ವ್ಯಾಸರಾಜ ಮಠದ ಪೀಠವನ್ನೇರಿದರು. ಪ್ರಹ್ಲಾದಾವತಾರಿಗಳಾದ ವ್ಯಾಸರಾಜರ ಪೀಠಕ್ಕೆ ಪ್ರಹ್ಲಾದನೆಂಬ ಹೆಸರಿನವರೇ ಬಂದದ್ದನ್ನು ಕಂಡು ಸಂತೋಷಪಡದ ಮಾಧ್ವರುಂಟೆ?

ಇಷ್ಟನ್ನು ಹೇಳಿದ ಮೇಲೂ ಒಂದು ಮಾತು ಉಳಿಯುತ್ತದೆ. ವ್ಯಾಸರಾಜರಿಗೆ ಪೂರ್ವಾಶ್ರಮದಲ್ಲಿ ಯತಿರಾಜನೆಂದು ಹೆಸರಿತ್ತು, ರಾಯರಿಗೆ ವೆಂಕಟನಾಥನೆಂದು. ಪ್ರಹ್ಲಾದನೇ ಬಂದು ಹುಟ್ಟಿದಾಗಲೂ ತಂದೆತಾಯಿಗಳು ಆ ಹೆಸರನ್ನಿಡಲಿಲ್ಲ. ಹೆಸರಿಟ್ಟ ಮಾತ್ರಕ್ಕೆ ಗುಣವು ಬರುವುದಾದರೆ ಸಂಹ್ಲಾದ, ಅನುಹ್ಲಾದರಿಗೂ ಬರಬೇಕಾಗಿತ್ತು. ಹಾಗಾದರೆ ಹೆಸರು ಮಾಡುವ ಕೆಲಸವಾದರೂ ಯಾವುದು?

ತೊಡೆಯ ಮೇಲಿನ ಮಗು

ಸಪ್ತಮಸ್ಕಂಧದ ಐದನೆಯ ಅಧ್ಯಾಯದಲ್ಲಿ ಒಂದು ಗೃಹಸ್ಥ ದೃಶ್ಯವಿದೆ. ಶುಕ್ರಾಚಾರ್ಯರ ಮಕ್ಕಳಾದ ಶಂಡಾಮರ್ಕರಲ್ಲಿ ಓದುತ್ತಿದ್ದ ಮಗನನ್ನು ತಾಯಿಯು ಎರೆದು ಅಲಂಕರಿಸಿ ಕಳುಹಿಸುತ್ತಾಳೆ. ಕಾಲಿಗೆ ಬಿದ್ದ ಮಗನನ್ನು ತಂದೆಯು ಎತ್ತಿ ಬಹಳ ಹೊತ್ತು ಅಪ್ಪಿಕೊಳ್ಳುತ್ತಾನೆ. ತೊಡೆಯ ಮೇಲೆ ಕೂರಿಸಿಕೊಂಡು ನೆತ್ತಿಯನ್ನು ಮೂಸುತ್ತಾನೆ. ಆನಂದಬಾಷ್ಪದಿಂದ ಮಗುವನ್ನು ತೋಯಿಸುತ್ತಾನೆ. "ಇಷ್ಟು ದಿನ ಏನು ಕಲಿತೆ, ಒಳ್ಳೆಯದನ್ನು ಒಂದಷ್ಟು ಹೇಳಪ್ಪ" ಎಂದು ಕೇಳುತ್ತಾನೆ. ಇಲ್ಲಿಯವರೆಗೆ ಅವನಿಗೂ ನಮಗೂ ಯಾವ ಭೇದವೂ ಇಲ್ಲ. ಮಗನು ಶ್ರವಣ ಕೀರ್ತನಾದಿಯಾದ ಒಂಬತ್ತು ವಿಧದ ಭಕ್ತಿಯನ್ನು ಹೇಳುತ್ತಾನೆ. ತಂದೆಗೆ ಬೇಕಾದ ಉತ್ತರ ಅದಲ್ಲ. ಮರುಕ್ಷಣದಲ್ಲಿ ಆ ಮಗುವು ತೊಡೆಯಿಂದ ನೆಲಕ್ಕೆ ಎಸೆಯಲ್ಪಡುತ್ತದೆ.

ವಿಷವೂ ಬೆಂಕಿಯೂ ಆನೆಯೂ ಆಮೇಲೆ ಬಂದವು. ಮೊದಲನೆಯ ಹಿಂಸೆ ನಡೆದದ್ದು ತೊಡೆಯ ಮೇಲೆ.

ಇದನ್ನು ಹೇಳುವಾಗ ನನ್ನದೇ ಒಂದು ಅಪರಾಧವನ್ನು ಮುಚ್ಚಿಡಲಾರೆ. ನನ್ನ ಮಗನಿಗೆ ಆರು ವರ್ಷ. ಪಾಠಶಾಲೆಯಲ್ಲಿ ಕಲಿತವನು ನಾನು. ಆದ್ದರಿಂದ ಮುಂಜಾನೆ ಅವನಿಗೆ ಸ್ತೋತ್ರಗಳನ್ನು ಹೇಳಿಕೊಡುವ ಪದ್ಧತಿಯಿಟ್ಟುಕೊಂಡಿದ್ದೇನೆ. ಹೋದ ವರ್ಷ ಒಂದು ಸಂಜೆ ಪರಸ್ಥಳದಿಂದ ಬಂದ ವಿದ್ವಾಂಸರು ನಮ್ಮ ಜಗಲಿಯ ಮೇಲೆ ಕುಳಿತಿದ್ದರು. ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು, ಶ್ರೀಮದಾಚಾರ್ಯರ ನರಸಿಂಹನಖಸ್ತುತಿಯನ್ನು ಹೇಳು ಎಂದೆ. ಅದರಲ್ಲಿ ಇರುವುದು ಎರಡೇ ಶ್ಲೋಕ. ಅವನಿಗೆ ಚೆನ್ನಾಗಿ ಬರುತ್ತಿತ್ತು. ಆದರೆ ಅವನು ಆ ದಿನ ಶಾಲೆಯಲ್ಲಿ ಕಲಿತ ಮಳೆಯ ಹಾಡೊಂದನ್ನು ಕೈ ಆಡಿಸುತ್ತ ಹೇಳಿಬಿಟ್ಟನು. ಬಂದವರು ನಕ್ಕರು. ಅವರ ನಗೆಯಲ್ಲಿ ವಾತ್ಸಲ್ಯವಿತ್ತೆಂದು ಈಗ ತೋರುತ್ತದೆ. ಆಗ ನನಗೆ ಮುಖಭಂಗವಾಯಿತು. ಅವನನ್ನು ತೊಡೆಯಿಂದ ದೂಡಿ, "ಇದನ್ನೇ ಏನು ನಾನು ನಿನಗೆ ಕಲಿಸಿದ್ದು?" ಎಂದು ಗದರಿದೆ. ಮಗು ಅಳಲಿಲ್ಲ. ಒಳಗೆ ಹೋಗಿ ಅಜ್ಜಿಯ ಸೆರಗನ್ನು ಹಿಡಿದು ನಿಂತಿತು.

ಆ ವಾರ ದೇವಾಲಯದಲ್ಲಿ ನಮ್ಮ ತೀರ್ಥರೂಪರು ಸಪ್ತಮಸ್ಕಂಧದ ಪುರಾಣ ಹೇಳುತ್ತಿದ್ದರು. ಅಂದು ರಾತ್ರಿ ಓದು ಇದೇ ಸ್ಥಳಕ್ಕೆ ಬಂದಿತು. ಶ್ಲೋಕವನ್ನು ಓದಿದ ಅವರು ಅರ್ಥವನ್ನು ಹೇಳದೆ ನನ್ನ ಕಡೆಗೆ ತಿರುಗಿ, "ಇದರ ಅರ್ಥವನ್ನು ನೀನು ಹೇಳಪ್ಪ" ಎಂದರು. ಪದಚ್ಛೇದ, ಅನ್ವಯ ಎಲ್ಲವೂ ನನಗೆ ತಿಳಿದಿದ್ದವು. ಬಾಯಿ ಬರಲಿಲ್ಲ. ಸ್ವಲ್ಪ ಹೊತ್ತು ಕಾದು ಅವರೇ ಮುಂದುವರಿಸಿದರು. ಆ ವಿಷಯವನ್ನು ಅಂದಿನಿಂದ ಇಂದಿನವರೆಗೂ ಅವರು ಎತ್ತಿಲ್ಲ.

ನನ್ನ ಮಗನ ಹೆಸರು ಪ್ರಹ್ಲಾದನಲ್ಲ. ಆದರೆ ಆ ಸಂಜೆ ನಾನು ಯಾರ ಸ್ಥಾನದಲ್ಲಿ ಕುಳಿತಿದ್ದೆನೆಂಬುದು ನನಗೆ ತಿಳಿಯಿತು. ನರಸಿಂಹನ ಸ್ತೋತ್ರವನ್ನೇ ಕೈಯಲ್ಲಿ ಹಿಡಿದುಕೊಂಡು ಮನುಷ್ಯನು ಹಿರಣ್ಯಕಶಿಪುವಿನ ನಡತೆಯನ್ನು ನಡೆಯಬಲ್ಲನು. ಮಗುವಿನ ಬಾಯಿಂದ ಹರಿಯ ಸ್ತುತಿ ಬರಲೆಂದು ನಾನು ಬಯಸಿದ್ದೇ ಆಗಿದ್ದರೆ ಕಾಯುತ್ತಿದ್ದೆ. ಬಂದವರ ಮುಂದೆ ನನ್ನ ಸ್ತುತಿಯಾಗಲೆಂದು ಬಯಸಿದ್ದೆ. ಇಂದು ನಾವು ಕೇಳುವ "ಎಷ್ಟು ಅಂಕ ಬಂತು?" ಎಂಬ ಪ್ರಶ್ನೆಯ ಹಿಂದೆಯೂ ಎಷ್ಟೋ ವೇಳೆ ಇರುವುದು ಇದೇ ಆಸೆ. ಉತ್ತರ ಹಿಡಿಸಿದರೆ ತೊಡೆ, ಹಿಡಿಸದಿದ್ದರೆ ನೆಲ.

ತಂದೆಯಾದ ಪ್ರಹ್ಲಾದ

ಪ್ರಹ್ಲಾದನನ್ನು ನಾವು ಮಗನೆಂದು ಮಾತ್ರ ಬಲ್ಲೆವು. ಅವನು ದೊಡ್ಡವನಾದನು, ಮಕ್ಕಳನ್ನು ಪಡೆದನು, ರಾಜ್ಯವಾಳಿದನು. ತಂದೆಯಾದ ಪ್ರಹ್ಲಾದನ ಕಥೆಯನ್ನು ಮಹಾಭಾರತದಲ್ಲಿ ವಿದುರನು ಹೇಳುತ್ತಾನೆ. ಕೇಶಿನಿಯೆಂಬ ಕನ್ಯೆಯ ನಿಮಿತ್ತವಾಗಿ ಪ್ರಹ್ಲಾದನ ಮಗನಾದ ವಿರೋಚನನಿಗೂ ಅಂಗಿರಸ್ಸಿನ ಮಗನಾದ ಸುಧನ್ವನಿಗೂ ಇಬ್ಬರಲ್ಲಿ ಶ್ರೇಷ್ಠನಾರೆಂಬ ವಿವಾದ ಬಂದಿತು. ಇಬ್ಬರೂ ಪ್ರಾಣವನ್ನೇ ಪಣವಾಗಿಟ್ಟರು. ನಿರ್ಣಯಕ್ಕಾಗಿ ಪ್ರಹ್ಲಾದನ ಬಳಿಗೇ ಬಂದರು. ಸತ್ಯವನ್ನು ಹೇಳಿದರೆ ಮಗನ ಪ್ರಾಣ ಹೋಗುತ್ತದೆ. ಸುಳ್ಳನ್ನು ಹೇಳಿದರೆ ಧರ್ಮ ಹೋಗುತ್ತದೆ. ಪ್ರಹ್ಲಾದನು, "ವಿರೋಚನಾ, ಸುಧನ್ವನೇ ನಿನಗಿಂತ ಶ್ರೇಷ್ಠನು, ನಿನ್ನ ಪ್ರಾಣ ಈಗ ಅವನದು" ಎಂದು ತೀರ್ಪುಕೊಟ್ಟನು. ಪುತ್ರಸ್ನೇಹಕ್ಕೆ ಒಳಗಾಗಿ ಸುಳ್ಳಾಡದ ಆ ತಂದೆಗೆ ಮೆಚ್ಚಿ ಸುಧನ್ವನು ಮಗನನ್ನು ಹಿಂದಕ್ಕೆ ಕೊಟ್ಟನು.

ಇದನ್ನು ವಿದುರನು ಹೇಳಿದ್ದು ಯಾರಿಗೆ? ದ್ಯೂತಸಭೆಯಲ್ಲಿ ದ್ರೌಪದಿಯ ಪ್ರಶ್ನೆಗೆ ಉತ್ತರ ಕೊಡದೆ ಕುಳಿತಿದ್ದ ಸಭಾಸದರಿಗೆ. ಅನಂತರ ಉದ್ಯೋಗಪರ್ವದಲ್ಲಿ, ಮಗನ ಮೋಹದಿಂದ ಸತ್ಯವನ್ನು ನುಡಿಯಲಾರದೆ ಹೋದ ಧೃತರಾಷ್ಟ್ರನಿಗೆ. ಮಗನಾಗಿದ್ದಾಗ ತಂದೆಯ ಭಯದಿಂದ ಸುಳ್ಳಾಡಲಿಲ್ಲ. ತಂದೆಯಾದಾಗ ಮಗನ ಮೋಹದಿಂದ ಸುಳ್ಳಾಡಲಿಲ್ಲ. ಪ್ರಹ್ಲಾದ ಎಂಬ ಹೆಸರಿನ ಪೂರ್ಣವಾದ ಅರ್ಥ ಈ ಎರಡು ಪ್ರಸಂಗಗಳನ್ನು ಜೊತೆಯಾಗಿಟ್ಟು ನೋಡಿದಾಗ ಮಾತ್ರ ತಿಳಿಯುತ್ತದೆ. ಇಂಥವನಿಗೆ ದಕ್ಕಿದ ಸಂತೋಷವು ಪ್ರಕೃಷ್ಟವಾದದ್ದು, ಏಕೆಂದರೆ ಅದನ್ನು ಕಸಿಯುವ ಶಕ್ತಿ ಭಯಕ್ಕೂ ಇಲ್ಲ, ಮೋಹಕ್ಕೂ ಇಲ್ಲ.

ತನ್ನನ್ನು ಹಿಂಸಿಸಿದ ತಂದೆಯ ವಿಷಯದಲ್ಲಿ ಅವನ ಮನಸ್ಸು ಹೇಗಿತ್ತು? ವರವನ್ನು ಕೇಳೆಂದು ಸ್ವಾಮಿಯು ಹೇಳಿದಾಗ, ಹೃದಯದಲ್ಲಿ ಆಸೆಯೇ ಚಿಗುರದಿರಲಿ ಎಂದು ಮೊದಲು ಕೇಳಿದನು. ಅನಂತರ ಕೇಳಿದ್ದು ತಂದೆಯು ಪಾಪದಿಂದ ಶುದ್ಧನಾಗಲಿ ಎಂದು. ಇಪ್ಪತ್ತೊಂದು ತಲೆಮಾರುಗಳೊಡನೆ ನಿನ್ನ ತಂದೆ ಪವಿತ್ರನಾದನೆಂದು ಸ್ವಾಮಿಯು ಅನುಗ್ರಹಿಸಿದನು. ಆ ದೇಹದಲ್ಲಿದ್ದ ದ್ವಾರಪಾಲಕನಾದ ಜಯನಿಗೆ ಸದ್ಗತಿ, ಅಸುರಜೀವನಿಗೆ ಅವನ ಯೋಗ್ಯತೆಗೆ ತಕ್ಕ ಗತಿ ಎಂಬುದು ನಮ್ಮ ಹಿರಿಯರ ವಿವೇಚನೆ. ಆ ತತ್ತ್ವನಿರ್ಣಯ ಒಂದು ಕಡೆಗಿರಲಿ. ನೆಲಕ್ಕೆ ಎಸೆಯಲ್ಪಟ್ಟ ಮಗನು ಕೈಯಲ್ಲಿ ವರವಿರುವಾಗ ತಂದೆಯನ್ನು ಮರೆಯಲಿಲ್ಲವೆಂಬುದನ್ನು ನಾವು ಹಿಡಿದುಕೊಳ್ಳಬೇಕು.

ಉಪಸಂಹಾರ

ಆದುದರಿಂದ, ತಾಯಿ, ನಿಮ್ಮ ಪ್ರಶ್ನೆಗೆ ನಾನು ಅಂದು ಕೊಡಬೇಕಾಗಿದ್ದ ಉತ್ತರವಿದು. ಆ ಹೆಸರು ಕಷ್ಟವನ್ನು ಕರೆಯುವ ಹೆಸರಲ್ಲ. ಕಷ್ಟವು ಎಲ್ಲ ಹೆಸರಿನವರಿಗೂ ಬರುತ್ತದೆ. ಬಂದಾಗ ಯಾರನ್ನು ಹಿಡಿದು ನಿಲ್ಲಬೇಕೆಂಬುದನ್ನು ಈ ಹೆಸರು ನೆನಪಿಸುತ್ತದೆ. ಮತ್ತು ಈ ಹೆಸರಿನಿಂದ ಒಂದು ವ್ರತದ ಭಾರ ಬೀಳುವುದಾದರೆ ಅದು ಮಗುವಿನ ಮೇಲೆ ಬೀಳುವುದಿಲ್ಲ. ಮಗನನ್ನು ದಿನಕ್ಕೆ ನೂರು ಸಲ ಪ್ರಹ್ಲಾದಾ ಎಂದು ಕೂಗುವ ತಂದೆಯು, ತಾನು ನಿಂತಿರುವ ಸ್ಥಾನದಲ್ಲಿ ಹಿಂದೆ ನಿಂತಿದ್ದವನು ಯಾರೆಂಬುದನ್ನು ನೂರು ಸಲವೂ ನೆನೆಯಬೇಕಾಗುತ್ತದೆ. ತಾಯಿಯಾದವಳು ಕಯಾಧುವನ್ನು ನೆನೆದು, ಹೊಟ್ಟೆಯಲ್ಲಿದ್ದಾಗಲೂ ಮಡಿಲಲ್ಲಿರುವಾಗಲೂ ಮಗುವಿನ ಕಿವಿಗೆ ಏನು ಬೀಳುತ್ತಿದೆಯೆಂದು ಎಚ್ಚರವಾಗಿರಬೇಕಾಗುತ್ತದೆ. ನಾಮಕರಣದಲ್ಲಿ ಹೆಸರನ್ನು ಮಗುವಿನ ಬಲಗಿವಿಯಲ್ಲಿ ಉಸುರುವವನು ತಂದೆ. ಆ ಹೆಸರನ್ನು ಕೇಳಿ ಕಲಿಯಬೇಕಾದವರು ಇಬ್ಬರು, ಮಗುವೂ ಅವನೂ.

ರಾಯರು ಪೂರ್ವಾಶ್ರಮದಲ್ಲಿ ಪುಟ್ಟ ಮಗನಿದ್ದ ಗೃಹಸ್ಥರೇ. ಪೀಠಕ್ಕೆ ಬರಬೇಕೆಂದು ಗುರುಗಳು ಅಪ್ಪಣೆ ಮಾಡಿದಾಗ, ಮಗನಿಗೆ ಇನ್ನೂ ಉಪನಯನವಾಗಿಲ್ಲವೆಂದು ಹಿಂಜರಿದರೆಂದು ಅವರ ಚರಿತ್ರೆ ಹೇಳುತ್ತದೆ. ಮಗನಾದ ಲಕ್ಷ್ಮೀನಾರಾಯಣನ ಉಪನಯನವನ್ನು ಪೂರೈಸಿದ ಮೇಲೆಯೇ 1621ರಲ್ಲಿ ತಂಜಾವೂರಿನಲ್ಲಿ ಕಾಷಾಯವನ್ನು ಧರಿಸಿದರು. ಜಗತ್ತಿಗೆಲ್ಲ ಗುರುವಾಗಲಿದ್ದವರು ಒಂದು ಮಗುವಿನ ಋಣವನ್ನು ಮೊದಲು ತೀರಿಸಿದರು. ಪ್ರಹ್ಲಾದನು ತಂದೆಯಾಗುವುದೆಂದರೆ ಹೀಗೆ.

ಆ ದಂಪತಿಗಳ ಮನೆಯಲ್ಲಿ ಹನ್ನೆರಡನೆಯ ದಿನ ನಾಮಕರಣ ನಡೆಯಿತು. ನಮ್ಮ ತಂದೆಯವರೇ ಪೌರೋಹಿತ್ಯಕ್ಕೆ ಹೋಗಿದ್ದರು, ಜೊತೆಯಲ್ಲಿ ನಾನೂ ಇದ್ದೆ. ಹರಿವಾಣದ ಅಕ್ಕಿಯ ಮೇಲೆ ಮಗುವಿನ ತಂದೆ ಚಿನ್ನದ ಉಂಗುರದಿಂದ ಬರೆಯುತ್ತ, ಹಕಾರದ ಹತ್ತಿರ ಬಂದಾಗ ಕೈ ತಡೆದು ನನ್ನ ಮುಖವನ್ನು ನೋಡಿದನು. "ಕೆಳಗೆ ಲಕಾರ" ಎಂದೆ. ಅಜ್ಜನವರು ಮಾತನಾಡದೆ ಕನ್ನಡಕವನ್ನು ತೆಗೆದು ಒರೆಸಿಕೊಂಡರು. ತಾಯಿಯು ಕೂಸನ್ನು ಎತ್ತಿಕೊಂಡು ಆ ಹೆಸರಿನಿಂದ ಮೊದಲ ಸಲ ಕರೆದಳು. ಅಂದು ರಾತ್ರಿ ಮನೆಗೆ ಬಂದು, ನಿದ್ರೆಗಣ್ಣಿನಲ್ಲಿದ್ದ ನನ್ನ ಮಗನನ್ನು ತೊಡೆಯ ಮೇಲೆ ಹಾಕಿಕೊಂಡು, ಆ ಮಳೆಯ ಹಾಡನ್ನು ಇನ್ನೊಮ್ಮೆ ಹೇಳು ಎಂದೆ. ಅದನ್ನು ಮುಗಿಸಿ, ಯಾರೂ ಕೇಳದೆ, ನಖಸ್ತುತಿಯ ಎರಡು ಶ್ಲೋಕಗಳನ್ನೂ ಅವನು ಹೇಳಿದನು.

ನಮ್ಮ ಮನೆಗಳಲ್ಲಿ ಹುಟ್ಟುವ ಮಕ್ಕಳೆಲ್ಲರ ತಲೆಯ ಮೇಲೆ ಶ್ರೀ ಲಕ್ಷ್ಮೀನರಸಿಂಹನ ಅಭಯಹಸ್ತವಿರಲಿ. ಅವರನ್ನು ತೊಡೆಯ ಮೇಲೆ ಕೂರಿಸಿಕೊಳ್ಳುವ ನಮಗೆ ಪ್ರಹ್ಲಾದರಾಜರು ತಾಳ್ಮೆಯನ್ನು ಕರುಣಿಸಲಿ ಎಂದು ಪ್ರಾರ್ಥಿಸಿ, ಈ ಅಲ್ಪಸೇವೆಯನ್ನು ಭಾರತೀರಮಣ ಮುಖ್ಯಪ್ರಾಣಾಂತರ್ಗತನಾದ ಶ್ರೀ ನರಸಿಂಹಾಭಿನ್ನ ಶ್ರೀಕೃಷ್ಣನ ಪಾದಗಳಲ್ಲಿ ಸಮರ್ಪಿಸುತ್ತೇನೆ.

॥ ಶ್ರೀಕೃಷ್ಣಾರ್ಪಣಮಸ್ತು ॥